ಮೊದಲು ಓದು, ಆಮೇಲೆ ದೇಶ

ವಿದೇಶಕ್ಕೆ ಓದಲು ಹೋಗುವ ಮಾತು ನಮ್ಮ ಮನೆಗಳಲ್ಲಿ ದೇಶದ ಹೆಸರಿನಿಂದ ಶುರುವಾಗುತ್ತದೆ. ಮಗ ಕೆನಡಾಕ್ಕೆ ಹೊರಟಿದ್ದಾನೆ, ಮಗಳು ಜರ್ಮನಿಗೆ ಪ್ರಯತ್ನ ಮಾಡುತ್ತಿದ್ದಾಳೆ ಅನ್ನುತ್ತೇವೆ. ಏನು ಓದಲು ಎಂದು ಕೇಳಿದರೆ ‘ಎಂಎಸ್ ಮಾಡೋಕೆ’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ದೇಶ ನಿಶ್ಚಯವಾದ ಮೇಲೆ ಕನ್ಸಲ್ಟೆನ್ಸಿ, ಕನ್ಸಲ್ಟೆನ್ಸಿಯವರು ಮುಂದಿಟ್ಟ ಪಟ್ಟಿಯಲ್ಲಿ ಬೇಗ ಆಫರ್ ಲೆಟರ್ ಕಳಿಸುವ ಒಂದು ಯೂನಿವರ್ಸಿಟಿ, ಅಲ್ಲಿ ಸೀಟು ಖಾಲಿಯಿರುವ ಯಾವುದೋ ಒಂದು ಕೋರ್ಸು. ಕಟ್ಟಕಡೆಗೆ ವೀಸಾ. ಆ ಫೈಲನ್ನು ಹೊರಡುವ ತಿಂಗಳಲ್ಲಿ ಬೇರೆ ಯಾರೋ ತಯಾರು ಮಾಡಿಕೊಡುತ್ತಾರೆ.

ಛತ್ರ ಗೊತ್ತು ಮಾಡಿಕೊಂಡು ಆಮೇಲೆ ಗಂಡು ಹುಡುಕುವ ಕ್ರಮ ಇದು. ವೀಸಾ ನಿರಾಕರಣೆ, ಅರ್ಧಕ್ಕೆ ನಿಂತ ಓದು, ವರ್ಷಗಟ್ಟಲೆ ತೀರದ ಸಾಲ, ಇವುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ ಎಂದು ನಾನು ನಂಬುತ್ತೇನೆ. ಯಾವ ದೇಶದ್ದಾದರೂ ಸರಿ, ವಿದ್ಯಾರ್ಥಿ ವೀಸಾದ ಅರ್ಜಿ ಮುಖ್ಯವಾಗಿ ಮೂರು ಸಂಗತಿ ಕೇಳುತ್ತದೆ: ಇದನ್ನೇ ಯಾಕೆ ಓದುತ್ತೀರಿ, ಖರ್ಚಿಗೆ ಹಣ ಎಲ್ಲಿಂದ, ಓದು ಮುಗಿದ ಮೇಲೆ ಏನು. ಕೋರ್ಸನ್ನು ಯೋಚಿಸಿ ಆರಿಸಿಕೊಂಡವರು ಈ ಮೂರನ್ನೂ ಮೊದಲೇ ತಮ್ಮನ್ನು ತಾವು ಕೇಳಿಕೊಂಡಿರುತ್ತಾರೆ. ಅವರಿಗೆ ಫೈಲು ಎಂದರೆ ದಾಖಲೆ ಜೋಡಿಸುವ ಕೆಲಸ. ಉಳಿದವರಿಗೆ ಅದು ಉತ್ತರ ಹುಟ್ಟಿಸುವ ಕೆಲಸ. ಹುಟ್ಟಿಸಿದ ಉತ್ತರವನ್ನು ಗುರುತಿಸುವುದೇ ವೀಸಾ ಅಧಿಕಾರಿಯ ದಿನನಿತ್ಯದ ಕಸುಬು.

ಎಂಜಿನಿಯರಿಂಗ್ ಕಾಲೇಜಿನ ಮೇಷ್ಟರಾದ ನನ್ನಂಥವರ ಬಳಿಗೆ ಈ ಮಕ್ಕಳು ಬರುವುದು ಶಿಫಾರಸು ಪತ್ರಕ್ಕೆ. ಕೋರ್ಸಿನ ಹೆಸರು ಕೇಳುತ್ತೇನೆ, ಹೇಳುತ್ತಾರೆ. ಅದರಲ್ಲಿ ಎರಡನೇ ಸೆಮಿಸ್ಟರಿಗೆ ಏನೇನು ವಿಷಯವಿದೆ ಎಂದು ಕೇಳಿದರೆ ಹೆಚ್ಚಿನವರು ಮೊಬೈಲು ತೆಗೆಯುತ್ತಾರೆ. ಮೂವತ್ತು ಲಕ್ಷ ಖರ್ಚು ಮಾಡಿ ಕೊಳ್ಳುತ್ತಿರುವ ವಸ್ತುವಿನೊಳಗೆ ಏನಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಇದು ಅವರ ಸೋಮಾರಿತನ ಎಂದು ನಾನು ಹೇಳಲಾರೆ. ಪಿಯುಸಿಯಿಂದಲೂ ನಾವು ಅವರಿಗೆ ಕಲಿಸಿರುವುದು ಸೀಟು ಹಿಡಿಯುವುದನ್ನು. ಸಿಇಟಿ ಕೌನ್ಸೆಲಿಂಗಿನಲ್ಲಿ ರ‍್ಯಾಂಕಿಗೆ ಯಾವ ಬ್ರಾಂಚು ಸಿಕ್ಕಿತೋ ಅದನ್ನು ಓದಿದವರು, ವಿದೇಶದ ವಿಷಯಕ್ಕೂ ಅದೇ ದಾರಿ ಹಿಡಿಯುತ್ತಾರೆ.

ಕೋರ್ಸು ಆರಿಸುವುದೆಂದರೆ ಏನು ಎಂಬುದಕ್ಕೆ ಜರ್ಮನಿಯ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ತಮ್ಮ ಕೋರ್ಸುಗಳಿಗೆ ಮಾಡ್ಯೂಲ್ ಹ್ಯಾಂಡ್‌ಬುಕ್ ಎಂಬ ಕೈಪಿಡಿ ಪ್ರಕಟಿಸುತ್ತವೆ. ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಯಾವ ಸೆಮಿಸ್ಟರಿನಲ್ಲಿ ಯಾವ ಪಾಠ, ಅದಕ್ಕೆ ಎಷ್ಟು ಕ್ರೆಡಿಟ್, ಲ್ಯಾಬ್ ಎಷ್ಟು, ಪರೀಕ್ಷೆ ಬರೆಯುವುದೋ ಮೌಖಿಕವೋ, ಆ ಪಾಠಕ್ಕೆ ಕೂರುವ ಮೊದಲು ಏನೇನು ಓದಿರಬೇಕು, ಎಲ್ಲವೂ ಅದರಲ್ಲಿದೆ. ಎರಡು ವರ್ಷದ ಸ್ನಾತಕೋತ್ತರ ಪದವಿಗೆ 120 ಕ್ರೆಡಿಟ್. ಅದರಲ್ಲಿ ಸಾಮಾನ್ಯವಾಗಿ 30 ಪ್ರಬಂಧಕ್ಕೇ ಹೋಗುತ್ತದೆ. ಅಂದರೆ ಒಂದು ಇಡೀ ಸೆಮಿಸ್ಟರು ಒಂದೇ ಸಮಸ್ಯೆಯ ಜೊತೆ ಕೂರಬೇಕು. ನಮ್ಮ ವಿಟಿಯು ಸಿಲಬಸ್ಸನ್ನು ಪಕ್ಕದಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಒಂದು ಭಾನುವಾರ ಓದಿದರೆ ಸಾಕು, ತನಗೆ ಗಣಿತ ಎಲ್ಲಿ ಕಡಿಮೆ ಬೀಳುತ್ತದೆ, ಯಾವ ವಿಷಯ ಇಲ್ಲೇ ಓದಿಯಾಗಿದೆ, ಯಾವುದಕ್ಕಾಗಿ ಅಷ್ಟು ದೂರ ಹೋಗುವುದು ಸಾರ್ಥಕ ಎಂಬುದು ಕಣ್ಣಿಗೆ ಕಾಣುತ್ತದೆ. ಎಷ್ಟೋ ಕಡೆ ಇಂತಿಷ್ಟು ಕ್ರೆಡಿಟ್ ಗಣಿತ, ಇಂತಿಷ್ಟು ಮೆಕ್ಯಾನಿಕ್ಸ್ ಓದಿರಲೇಬೇಕು ಎಂಬ ಷರತ್ತು ಇರುತ್ತದೆ. ಅದನ್ನು ನೋಡದೆ ಅರ್ಜಿ ಹಾಕಿದವರಿಗೆ ಎಂಟೂವರೆ ಸಿಜಿಪಿಎ ಇದ್ದರೂ ಪ್ರವೇಶ ಸಿಗುವುದಿಲ್ಲ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಇಂಟರ್ನ್‌ಶಿಪ್ ಮಾಡಿದ ಒಬ್ಬ ಮೆಕ್ಯಾನಿಕಲ್ ವಿದ್ಯಾರ್ಥಿ ಇದ್ದಾನೆಂದುಕೊಳ್ಳಿ. ಎರಕ ಹೊಯ್ದ ಭಾಗಗಳಲ್ಲಿ ಗಾಳಿಗುಳ್ಳೆ ಬಿದ್ದು ಮಾಲು ವಾಪಸ್ಸಾಗುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎರಕದ ವಿದ್ಯೆಗೆಂದೇ ಒಂದು ಸಂಸ್ಥೆಯಿದೆ. ಈ ಎರಡನ್ನೂ ಜೋಡಿಸಿಕೊಂಡ ಹುಡುಗನಿಗೆ ‘ಇದನ್ನೇ ಯಾಕೆ’ ಎಂಬ ಪ್ರಶ್ನೆ ಕಷ್ಟವೇ ಅಲ್ಲ. ಅದೇ ಹುಡುಗ, ಡೇಟಾ ಸೈನ್ಸಿಗೆ ಬೇಡಿಕೆಯಿದೆ ಎಂದು ಯಾರೋ ಹೇಳಿದ ಮಾತಿಗೆ, ಊರು ಹೆಸರು ತಿಳಿಯದ ಒಂದು ಖಾಸಗಿ ಸಂಸ್ಥೆಯ ಡೇಟಾ ಸೈನ್ಸ್ ಕೋರ್ಸು ಹಿಡಿದರೆ, ನಾಲ್ಕು ವರ್ಷ ಓದಿದ್ದು, ಫೌಂಡ್ರಿಯಲ್ಲಿ ಕಂಡದ್ದು ಎಲ್ಲವನ್ನೂ ಬದಿಗಿಟ್ಟು ಹೊಸದಾಗಿ ಒಂದು ಕತೆ ಕಟ್ಟಬೇಕಾಗುತ್ತದೆ. ವಿಷಯ ಬದಲಿಸಬಾರದೆಂದು ನಾನು ಹೇಳುತ್ತಿಲ್ಲ. ಬದಲಿಸುವವರು ಬದಲಾವಣೆಗೆ ತಕ್ಕ ಗುರುತನ್ನು ಮೊದಲೇ ಮಾಡಿಟ್ಟುಕೊಂಡಿರಬೇಕು: ಒಂದು ಪ್ರಾಜೆಕ್ಟು, ಒಂದು ವರ್ಷದ ಕೆಲಸ, ಪೂರ್ತಿ ಮಾಡಿ ಮುಗಿಸಿದ ಒಂದು ಆನ್‌ಲೈನ್ ಪಾಠ.

ಹೆಸರು ಒಂದೇ ಇದ್ದರೂ ಕೋರ್ಸು ಒಂದೇ ಆಗಿರುವುದಿಲ್ಲ. ಅಮೆರಿಕದಲ್ಲಿ ಓದು ಮುಗಿದ ಮೇಲೆ ಒಪಿಟಿ ಎಂಬ 12 ತಿಂಗಳ ಕೆಲಸದ ಅವಕಾಶವಿದೆ; ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿರುವ ಕೋರ್ಸಾದರೆ ಇನ್ನೂ 24 ತಿಂಗಳು ಸಿಗುತ್ತದೆ. ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಆ ಕೋರ್ಸಿಗೆ ವಿಶ್ವವಿದ್ಯಾಲಯ ಕೊಟ್ಟಿರುವ ಒಂದು ಸಂಕೇತ ಸಂಖ್ಯೆ. ಬಿಸಿನೆಸ್ ಅನಲಿಟಿಕ್ಸ್ ಎಂಬ ಒಂದೇ ಹೆಸರಿನ ಕೋರ್ಸು ಒಂದು ಕಡೆ ಪಟ್ಟಿಯೊಳಗೆ, ಇನ್ನೊಂದು ಕಡೆ ಹೊರಗೆ ಇರಬಹುದು. ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್ ಪದವಿಗೆ ನಮ್ಮಲ್ಲಿ ಬಹುಕಾಲ ಸರಿಯಾದ ಮಾನ್ಯತೆಯಿರಲಿಲ್ಲ. 2022ರ ಜುಲೈನಲ್ಲಿ ಎರಡು ದೇಶಗಳ ನಡುವೆ ಪರಸ್ಪರ ಮಾನ್ಯತೆಯ ಒಪ್ಪಂದವಾದ ಮೇಲೆ ಪರಿಸ್ಥಿತಿ ಸುಧಾರಿಸಿತು. ವಾಪಸು ಬಂದು ಅಧ್ಯಾಪಕರಾಗಬೇಕು ಎಂದುಕೊಂಡವರು ಇಂಥದನ್ನು ಹೊರಡುವ ಮೊದಲೇ ಕೇಳಿ ತಿಳಿಯಬೇಕು. ಇನ್ನು ಎಂಬಿಬಿಎಸ್‌ಗೆ ಹೋಗುವವರ ವಿಷಯದಲ್ಲಂತೂ ಆಯ್ಕೆಗೆ ಗಡಿ ಹಾಕಿಯೇ ಇಟ್ಟಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳಿರಬೇಕು, ಪಾಠ ಇಂಗ್ಲಿಷಿನಲ್ಲಿ ನಡೆಯಬೇಕು, 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಮುಗಿಯಬೇಕು, ಆ ದೇಶದಲ್ಲೇ ವೈದ್ಯರಾಗಿ ಕೆಲಸ ಮಾಡುವ ಅರ್ಹತೆ ಆ ಪದವಿಯಿಂದ ಸಿಗುವಂತಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮರಳಿ ಬಂದವರಿಗೆ ಇಲ್ಲಿ ನೋಂದಣಿಯಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದಾಗ, ಅಷ್ಟು ದೂರ ಯಾಕೆ ಹೋಗಬೇಕಾಯಿತು ಎಂದು ನಾಡೆಲ್ಲ ಕೇಳಿತು. ಇಲ್ಲಿನ ಖಾಸಗಿ ಸೀಟಿನ ಬೆಲೆಯೇ ಅದಕ್ಕೆ ಉತ್ತರ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಆ ಬೆಲೆ ಇಂದಿಗೂ ಇಳಿದಿಲ್ಲ.

ನನ್ನ ವಾದಕ್ಕೆ ಬರುವ ಬಲವಾದ ಆಕ್ಷೇಪ ಒಂದಿದೆ. ‘ಸಾರ್, ನಾವು ಹೋಗುವುದೇ ಕೆಲಸಕ್ಕೆ, ಅಲ್ಲೇ ನೆಲೆಯೂರುವುದಕ್ಕೆ. ಕೋರ್ಸು ಬರೀ ಟಿಕೆಟ್ಟು. ಯಾವುದಾದರೇನು?’ ಈ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಳ್ಳೆಯ ಬದುಕು ಬಯಸುವುದು ತಪ್ಪಲ್ಲ. ಆದರೆ ಆ ಟಿಕೆಟ್ಟಿನ ಬೆಲೆ ಮತ್ತು ಅದು ತಲುಪಿಸುವ ಜಾಗ ಎರಡನ್ನೂ ತೀರ್ಮಾನಿಸುವವರು ಇನ್ನೊಂದು ದೇಶದ ರಾಜಕಾರಣಿಗಳು. ಬ್ರಿಟನ್ 2012ರ ಏಪ್ರಿಲಿನಲ್ಲಿ ಓದಿನ ನಂತರದ ಕೆಲಸದ ವೀಸಾವನ್ನು ಮುಚ್ಚಿತು, 2021ರ ಜುಲೈನಲ್ಲಿ ಎರಡು ವರ್ಷದ ಅವಧಿಯೊಂದಿಗೆ ಮತ್ತೆ ತೆರೆಯಿತು, 2027ರ ಜನವರಿಯಿಂದ ಅದನ್ನು 18 ತಿಂಗಳಿಗೆ ಇಳಿಸುವುದಾಗಿ ಹೇಳಿದೆ. ಸಂಶೋಧನೆಯ ಕೋರ್ಸು ಬಿಟ್ಟು ಉಳಿದವರು ಗಂಡನನ್ನೋ ಹೆಂಡತಿಯನ್ನೋ ಕರೆದೊಯ್ಯುವುದು 2024ರ ಜನವರಿಗೆ ನಿಂತಿತು. ಕೆನಡಾದಲ್ಲಿ 2024ರ ಒಂದೇ ವರ್ಷದಲ್ಲಿ ಏನೆಲ್ಲ ಆಯಿತು ನೋಡಿ. ಜನವರಿ 1ರಿಂದ ಖರ್ಚಿಗೆ ತೋರಿಸಬೇಕಾದ ಹಣ 10,000 ಡಾಲರಿನಿಂದ 20,635ಕ್ಕೆ ಏರಿತು. ಅದೇ ತಿಂಗಳು ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಬಂತು. ನವೆಂಬರ್ 1ರಿಂದ, ಕಾಲೇಜು ಮಟ್ಟದ ಕೋರ್ಸುಗಳಿಗೆ ಹೊಸದಾಗಿ ಅರ್ಜಿ ಹಾಕುವವರಿಗೆ, ನಿರ್ದಿಷ್ಟ ವಿಷಯಗಳಾದರೆ ಮಾತ್ರ ಮುಂದೆ ಕೆಲಸದ ಪರವಾನಗಿ ಎಂಬ ಷರತ್ತು ಬಂತು. ನವೆಂಬರ್ 8ಕ್ಕೆ, ಭಾರತೀಯರು ಹೆಚ್ಚಾಗಿ ಬಳಸುತ್ತಿದ್ದ ತ್ವರಿತ ಅರ್ಜಿಯ ದಾರಿಯೇ ಮುಚ್ಚಿತು. ಅಮೆರಿಕ 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿ ಎಲ್ಲರ ಎದೆ ನಡುಗಿಸಿತು. ಎರಡು ವರ್ಷದ ಕೋರ್ಸಿಗೆ ಸೇರುವ ದಿನ ಇದ್ದ ನಿಯಮ, ಘಟಿಕೋತ್ಸವದ ದಿನ ಇರುತ್ತದೆಂಬ ಭರವಸೆ ಯಾವ ದೇಶವೂ ಕೊಡುವುದಿಲ್ಲ. ನಿಯಮ ಬದಲಾದ ದಿನ ಕೈಯಲ್ಲಿ ಉಳಿಯುವುದು ಕಲಿತ ವಿದ್ಯೆ ಒಂದೇ. ನೆಲೆಯೂರಲು ಹೋಗುವವನೇ ಕೋರ್ಸಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು.

ಈ ಕ್ರಮ ತಲೆಕೆಳಗಾದದ್ದರಲ್ಲಿ ಕನ್ಸಲ್ಟೆನ್ಸಿಗಳ ಪಾಲು ದೊಡ್ಡದು. ಹುಬ್ಬಳ್ಳಿ, ಮಂಗಳೂರು, ದಾವಣಗೆರೆಯಂಥ ಊರುಗಳಲ್ಲೂ ಈಗ ಅವುಗಳ ಬೋರ್ಡು ಕಾಣುತ್ತದೆ. ‘ಉಚಿತ ಸಲಹೆ’ ಎಂದು ಬರೆದಿರುತ್ತದೆ. ವಿದ್ಯಾರ್ಥಿಯಿಂದ ಹಣ ಪಡೆಯದೆ ಸಲಹೆ ಕೊಡುವವರಿಗೆ ಬಾಡಿಗೆ ಕಟ್ಟುವುದು ಯಾರು? ವಿದ್ಯಾರ್ಥಿಯನ್ನು ಸೇರಿಸಿಕೊಂಡ ವಿದೇಶಿ ಸಂಸ್ಥೆ, ಅವನು ಕಟ್ಟುವ ಶುಲ್ಕದಲ್ಲೇ ಒಂದು ಪಾಲನ್ನು ಕಮಿಷನ್ನಾಗಿ ಕೊಡುತ್ತದೆ. ಶುಲ್ಕ ಹೆಚ್ಚಿದ್ದಷ್ಟೂ ಕಮಿಷನ್ನು ಹೆಚ್ಚು. ಬೋಧನಾ ಶುಲ್ಕವೇ ಇಲ್ಲದ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯ ಅಂಥ ಪಟ್ಟಿಯ ಮೇಲ್ಗಡೆ ಬರುವುದು ಅಪರೂಪ, ಅದೇ ದೇಶದ ದುಬಾರಿ ಖಾಸಗಿ ಸಂಸ್ಥೆ ಮೊದಲ ಸಾಲಿನಲ್ಲೇ ಇರುತ್ತದೆ. ಪ್ರಾಮಾಣಿಕವಾಗಿ ಕೆಲಸ ಮಾಡುವವರೂ ಇದ್ದಾರೆ, ಅವರಿಂದ ದಾರಿ ಕಂಡುಕೊಂಡ ಮಕ್ಕಳನ್ನೂ ಬಲ್ಲೆ. ಆದರೂ ‘ಈ ಯೂನಿವರ್ಸಿಟಿ ನಿಮಗೆ ಕಮಿಷನ್ ಕೊಡುತ್ತದೆಯೇ?’ ಎಂದು ನೇರವಾಗಿ ಕೇಳುವ ಹಕ್ಕು ಹಣ ಕಟ್ಟುವ ತಂದೆ-ತಾಯಿಗಿದೆ. ಕೆಲಸಕ್ಕೆಂದು ಜನರನ್ನು ವಿದೇಶಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳಬೇಕು. ಓದಿಗೆಂದು ಕಳಿಸುವವರಿಗೆ ಆ ಕಾಯ್ದೆ ತಾಗುವುದಿಲ್ಲ. ಗಲ್ಫಿಗೆ ಹೋಗುವ ಕೂಲಿಕಾರನಿಗೆ ಕಾಗದದ ಮೇಲಾದರೂ ಇರುವ ರಕ್ಷಣೆ, ಮನೆ ಅಡವಿಟ್ಟು ಮಗಳನ್ನು ಓದಿಗೆ ಕಳಿಸುವ ತಂದೆಗೂ ಬೇಕು ಎಂದು ಕೇಳುವ ಕಾಲ ಬಂದಿದೆ.

‘ಓದು ಮುಗಿದ ಮೇಲೆ ಏನು’ ಎಂಬ ವೀಸಾ ಅಧಿಕಾರಿಯ ಮೂರನೆಯ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಮಕ್ಕಳು ಸುಳ್ಳು ಹೇಳಲು ಕಲಿಯುವುದು ಅಲ್ಲಿ. ಅಮೆರಿಕದ 1952ರ ವಲಸೆ ಕಾನೂನಿನ 214(ಬಿ) ಕಲಮು, ಅರ್ಜಿದಾರನನ್ನು ನೆಲೆಯೂರಲು ಬಂದವನೆಂದೇ ಎಣಿಸುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ಅವನದು. ಅದಕ್ಕೆ ಸಿಗುವುದು ಕಿಟಕಿಯ ಮುಂದೆ ನಿಂತ ಕೆಲವೇ ನಿಮಿಷ. ಅದೇ ದೇಶ ಓದಿದ ಮೇಲೆ ಮೂರು ವರ್ಷದವರೆಗೆ ಕೆಲಸ ಮಾಡುವ ಅವಕಾಶವನ್ನೂ ಕೊಡುತ್ತದೆ. ಹೋಗು, ದುಡಿ, ಆದರೆ ಉಳಿಯುವ ಆಸೆ ನಿನಗಿಲ್ಲವೆಂದು ಈಗಲೇ ಹೇಳು ಎಂಬ ಈ ಇಬ್ಬಂದಿ ನ್ಯಾಯವಾದದ್ದೆಂದು ನನಗೆ ಅನ್ನಿಸುವುದಿಲ್ಲ. ಇಪ್ಪತ್ತೆರಡು ವರ್ಷದ ಯಾರಿಗೂ ಮುಂದಿನ ಹತ್ತು ವರ್ಷದ ಬದುಕು ಗೊತ್ತಿರುವುದಿಲ್ಲ. ಆಸ್ಟ್ರೇಲಿಯಾ ಈ ಸತ್ಯವನ್ನು ತಕ್ಕಮಟ್ಟಿಗೆ ಒಪ್ಪಿಕೊಂಡಿತು. ತಾತ್ಕಾಲಿಕವಾಗಿ ಮಾತ್ರ ಇರುವೆನೆಂದು ಸಾಬೀತು ಮಾಡಬೇಕಾದ ಹಳೆಯ ಪರೀಕ್ಷೆಯನ್ನು 2024ರ ಮಾರ್ಚ್ 23ರಿಂದ ಕೈಬಿಟ್ಟು, ನೀನು ನಿಜವಾದ ವಿದ್ಯಾರ್ಥಿಯೇ ಎಂದು ಕೇಳತೊಡಗಿತು. ನಿನ್ನ ಈಗಿನ ಪರಿಸ್ಥಿತಿ ಏನು, ಈ ಕೋರ್ಸು ಯಾಕೆ, ಇದರಿಂದ ನಿನಗೇನು ಉಪಯೋಗ ಎಂಬಂಥ ಪ್ರಶ್ನೆಗಳು. ಒಂದೊಂದಕ್ಕೂ 150 ಪದದೊಳಗೆ ಉತ್ತರ. ಈ ಪ್ರಶ್ನೆಗಳನ್ನು ಯಾವ ದೇಶಕ್ಕೆ ಹೋಗುವವರೂ ಎದುರಿಗಿಟ್ಟುಕೊಳ್ಳಬಹುದು. ಉಳಿದರೂ ಮರಳಿದರೂ ಅರ್ಥ ಕಳೆದುಕೊಳ್ಳದ ಕೋರ್ಸನ್ನು ಹಿಡಿದವನು ಅಧಿಕಾರಿಯ ಮುಂದೆ ನಟಿಸಬೇಕಾಗಿಲ್ಲ. ಫೌಂಡ್ರಿಯ ಹುಡುಗ ಬೆಳಗಾವಿಯಲ್ಲಿ ತನಗೆ ಯಾವ ಕೆಲಸ ಕಾದಿದೆ ಎಂದು ಹೇಳಿದರೆ, ಅದು ನಿಜವಾದ್ದರಿಂದ ಅವನ ದನಿಯಲ್ಲೇ ಗೊತ್ತಾಗುತ್ತದೆ.

ಎಸ್‌ಒಪಿ ಎಂದು ಕರೆಯುವ ಉದ್ದೇಶ ಪತ್ರವನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಮೊದಮೊದಲು ಅವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ‘ಬಾಲ್ಯದಿಂದಲೂ ತಂತ್ರಜ್ಞಾನದಲ್ಲಿ ನನಗೆ ಅಪಾರ ಆಸಕ್ತಿ’ ಎಂಬರ್ಥದ ಸಾಲು ಯಾರದೋ ಮಾದರಿಯಿಂದ ತಾನಾಗಿ ಹರಿದು ಬರುತ್ತದೆ, ಈಗಂತೂ ಕಂಪ್ಯೂಟರೇ ಬರೆದುಕೊಡುತ್ತದೆ. ಅದೇ ಮಾತನ್ನು ಮನೆಯ ಭಾಷೆಯಲ್ಲಿ ಬರೆಯಹೋದರೆ, ಬಾಲ್ಯದಲ್ಲಿ ನಾನು ಮಾಡಿದ್ದಾದರೂ ಏನು ಎಂಬ ಪ್ರಶ್ನೆ ತಕ್ಷಣ ಎದುರು ನಿಲ್ಲುತ್ತದೆ. ಪೊಳ್ಳು ಸಾಲುಗಳು ಒಂದೊಂದಾಗಿ ಬಿದ್ದುಹೋಗಿ, ಮೂರನೇ ವರ್ಷದ ಪ್ರಾಜೆಕ್ಟು, ಕೆಟ್ಟುಹೋದ ಸೆನ್ಸರು, ಬ್ಯಾಕ್‌ಲಾಗ್ ಉಳಿದ ಗಣಿತ, ಆ ವರ್ಷ ಅಪ್ಪನಿಗೆ ಆದ ಆಪರೇಷನ್ನು ಇಂಥ ನಿಜಗಳು ಉಳಿಯುತ್ತವೆ. ಬ್ಯಾಕ್‌ಲಾಗ್‌ಗಳನ್ನು, ಖಾಲಿ ಕಳೆದ ವರ್ಷಗಳನ್ನು ಮುಚ್ಚಿಡಲು ಎಲ್ಲರೂ ಹೇಳಿಕೊಡುತ್ತಾರೆ. ಅಧಿಕಾರಿಯ ಕೈಯಲ್ಲಿ ಮಾರ್ಕ್ಸ್ ಕಾರ್ಡು ಇರುತ್ತದೆ, ಇಸವಿ ಎಣಿಸಲು ಅವನಿಗೂ ಬರುತ್ತದೆ. ನಾಲ್ಕು ಸಾಲಿನಲ್ಲಿ ಇದ್ದದ್ದನ್ನು ಹೇಳಿಬಿಡುವುದು ಒಳ್ಳೆಯದು. ಕನ್ನಡದಲ್ಲಿ ಬರೆದದ್ದನ್ನು ಮುಂದಿಟ್ಟುಕೊಂಡು ಸರಳ ಇಂಗ್ಲಿಷಿನಲ್ಲಿ ಬರೆದ ಪತ್ರ ಅಲಂಕಾರವಿಲ್ಲದೆ ಇರಬಹುದು, ಅದರಲ್ಲಿ ಒಬ್ಬ ಮನುಷ್ಯ ಕಾಣಿಸುತ್ತಾನೆ. ಸಂದರ್ಶನಕ್ಕೆಂದು ಅದನ್ನು ಬಾಯಿಪಾಠ ಮಾಡುವ ಕಷ್ಟವೂ ಇರುವುದಿಲ್ಲ.

ಹಣದ ಮಾತು. ಜರ್ಮನಿಯಲ್ಲಿ ಓದು ಉಚಿತ ಎಂಬುದು ಅರ್ಧ ಸತ್ಯ. ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಬೋಧನಾ ಶುಲ್ಕವಿಲ್ಲ, ನಿಜ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಅಂಥ ಹೊಸಬರಿಗೆ ಶುಲ್ಕ ಹಾಕಿದೆ. ಎಲ್ಲಕ್ಕಿಂತ ಹೆಚ್ಚಾಗಿ, ವೀಸಾಕ್ಕೆ ಮೊದಲೇ ಒಂದು ವರ್ಷದ ಊಟ-ವಸತಿಗೆಂದು 11,904 ಯೂರೋವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ತಿಂಗಳಿಗೆ 992 ಯೂರೋದಂತೆ ಅದು ಕೈಗೆ ಬರುತ್ತದೆ. ಬ್ರಿಟನ್ನಿನ ಲೆಕ್ಕ ಬೇರೆ. 2025ರ ನವೆಂಬರಿನಿಂದ ಲಂಡನ್ನಿನ ಹೊರಗಾದರೆ ತಿಂಗಳಿಗೆ 1,171 ಪೌಂಡ್, ಒಂಬತ್ತು ತಿಂಗಳಿಗೆ 10,539 ಪೌಂಡ್ ಖಾತೆಯಲ್ಲಿ ಸತತ 28 ದಿನ ಇಳಿಯದೆ ಇರಬೇಕು. ಬಾಕಿಯಿರುವ ಶುಲ್ಕ, ವರ್ಷಕ್ಕೆ 776 ಪೌಂಡಿನ ಆರೋಗ್ಯ ತೆರಿಗೆ ಬೇರೆ. ಒಂದು ದಿನ ಸಾವಿರ ರೂಪಾಯಿ ಕಡಿಮೆಯಾದರೂ ಅರ್ಜಿ ಬೀಳುತ್ತದೆ.

ಇಲ್ಲೊಂದು ವ್ಯಾಪಾರ ಹುಟ್ಟಿಕೊಂಡಿದೆ. ಆ 28 ದಿನಕ್ಕೆ ಮಾತ್ರ ಬಡ್ಡಿಗೆ ಹಣ ತಂದು ಖಾತೆಯಲ್ಲಿ ಇಟ್ಟು, ವೀಸಾ ಬಂದ ಮರುದಿನ ವಾಪಸು ಕೊಡುವುದು. ಇದನ್ನು ಜಾಣತನವೆಂದು ಮಾತಾಡಿಕೊಳ್ಳುತ್ತಾರೆ. ಆ ಮೊತ್ತವನ್ನು ಸರ್ಕಾರಗಳು ಸುಮ್ಮನೆ ಇಟ್ಟಿಲ್ಲ, ಅಲ್ಲಿ ಬದುಕಲು ಕನಿಷ್ಠ ಅಷ್ಟು ಬೇಕು ಎಂಬ ಅಂದಾಜು ಅದು. ತೋರಿಸಿದ ಹಣ ವಾಪಸು ಕೊಟ್ಟ ಮೇಲೆ ವಿದೇಶಕ್ಕೆ ಹೋದ ಹುಡುಗ ಎರಡನೇ ತಿಂಗಳ ಬಾಡಿಗೆಗೆ ಏನು ಮಾಡಬೇಕು? ಬ್ರಿಟನ್ನಿನಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದೆಂಬ ಮಿತಿ ದಾಟಿ, ಕೈಗೆ ನಗದು ಕೊಡುವ ಕಡೆ ರಾತ್ರಿಪಾಳಿ ಮಾಡುತ್ತಾನೆ, ಹಗಲು ತರಗತಿಯಲ್ಲಿ ನಿದ್ದೆ ಹೋಗುತ್ತಾನೆ. ಹಾಜರಾತಿ ಬಿದ್ದರೆ ವಿಶ್ವವಿದ್ಯಾಲಯವೇ ವಲಸೆ ಇಲಾಖೆಗೆ ತಿಳಿಸುತ್ತದೆ. ಹೋಗುವ ಮೊದಲೇ ಕೈಯಲ್ಲಿ ಇರದ ಹಣ ಅಲ್ಲಿ ಹೋದ ಮೇಲೆ ಹುಟ್ಟುತ್ತದೆಂಬ ನಂಬಿಕೆ ಮಕ್ಕಳನ್ನು ಹಿಂಡಿಹಾಕುತ್ತದೆ.

ಬ್ಯಾಂಕಿನ ಸಾಲ ಮಾಡುವವರು ಆಫರ್ ಲೆಟರ್ ಬರುವ ಮೊದಲೇ ಆಸ್ತಿಯ ಪತ್ರ ತೆಗೆದು ನೋಡಬೇಕು. ನಮ್ಮ ಕಡೆಯ ಕುಟುಂಬಗಳ ಆಸ್ತಿ ಹೆಚ್ಚಾಗಿ ಕೃಷಿ ಜಮೀನು, ಇಲ್ಲವೇ ಪಂಚಾಯಿತಿ ಖಾತೆಯ ಮನೆ, ಇಲ್ಲವೇ ಬಿ-ಖಾತೆಯ ಸೈಟು. ಈ ಮೂರರ ಮೇಲೂ ಶೈಕ್ಷಣಿಕ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ಕೊನೇ ಗಳಿಗೆಯಲ್ಲಿ ಇದು ಗೊತ್ತಾದವರು ಅಡಮಾನ ಕೇಳದ, ಹೆಚ್ಚು ಬಡ್ಡಿಯ ಫೈನಾನ್ಸ್ ಕಂಪನಿಗಳ ಬಾಗಿಲಿಗೆ ಹೋಗುತ್ತಾರೆ. ಶೇ. 11ರ ಬಡ್ಡಿಯಲ್ಲಿ 30 ಲಕ್ಷ ಸಾಲವೆಂದು ಇಟ್ಟುಕೊಳ್ಳಿ. ಓದುವ ಎರಡು ವರ್ಷದ ಬಡ್ಡಿ ಸೇರಿ ಅದು 36 ಲಕ್ಷ ದಾಟುತ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 50,000 ರೂಪಾಯಿ. ಮರಳಿ ಬೆಂಗಳೂರಿಗೆ ಬಂದರೆ ಈ ಓದಿಗೆ ಮೊದಲ ಸಂಬಳ ಎಷ್ಟು ಸಿಕ್ಕೀತು ಎಂಬುದನ್ನು ಈ ಕಂತಿನ ಪಕ್ಕದಲ್ಲಿ ಬರೆದು ನೋಡಬೇಕು. ಎರಡೂ ಅಂಕಿ ಹೊಂದದಿದ್ದರೆ ಕಡಿಮೆ ಖರ್ಚಿನ ಕೋರ್ಸು ಹುಡುಕಬೇಕು, ಇಲ್ಲವೇ ಎರಡು ವರ್ಷ ಕೆಲಸ ಮಾಡಿ ಕೂಡಿಟ್ಟು ಹೊರಡಬೇಕು. ವಿದ್ಯಾರ್ಥಿವೇತನಗಳ ವಿಷಯವೂ ಹೀಗೆಯೇ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಇರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಹೆಸರಾದ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪಡೆದವರಿಗೆ ಸಿಗುತ್ತದೆ. ಬೇಗ ಆಫರ್ ಕೊಡುವ ಯಾವುದೋ ಸಂಸ್ಥೆಯನ್ನು ಹಿಡಿದವರಿಗೆ ಆ ಬಾಗಿಲು ತಾನಾಗಿ ಮುಚ್ಚುತ್ತದೆ.

ದಾಖಲೆಗಳಲ್ಲಿ ನಮ್ಮ ಕಡೆಯವರು ಎಡವುವುದು ಎರಡು ಜಾಗದಲ್ಲಿ. ಒಂದು, ಆದಾಯ. ಶುಲ್ಕ ವಿನಾಯಿತಿಗೆಂದು ನಾಡಕಚೇರಿಯಿಂದ ತಂದ ಪ್ರಮಾಣಪತ್ರದಲ್ಲಿ ವರ್ಷದ ಆದಾಯ ಒಂದು ಲಕ್ಷದೊಳಗೆ ಇರುತ್ತದೆ. ವೀಸಾಕ್ಕೆ ಲೆಕ್ಕ ಪರಿಶೋಧಕರು ಬರೆದುಕೊಟ್ಟ ಕಾಗದದಲ್ಲಿ ಅದೇ ತಂದೆಯ ಆದಾಯ ಹತ್ತು ಲಕ್ಷ. ಎರಡೂ ಕಾಗದ ಒಂದೇ ಫೈಲಿನಲ್ಲಿ ಸೇರಿದ ಉದಾಹರಣೆಗಳಿವೆ. ಅಡಿಕೆ, ಕಾಫಿ ಬೆಳೆಯುವ ಮನೆಗಳಲ್ಲಿ ನಿಜವಾದ ಆದಾಯ ದೊಡ್ಡದೇ ಇರಬಹುದು. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ್ದರಿಂದ ಅದು ಯಾವ ಲೆಕ್ಕದಲ್ಲೂ ಮೂಡಿರುವುದಿಲ್ಲ. ಅಂಥವರು ಮಾರಾಟದ ಹಣವನ್ನು ಎರಡು ವರ್ಷ ಮೊದಲಿನಿಂದಲೇ ಬ್ಯಾಂಕಿನ ಮೂಲಕ ತರುವ, ಪಹಣಿ ಮತ್ತು ಮಂಡಿಯ ಪಟ್ಟಿಗಳನ್ನು ಜೋಪಾನ ಮಾಡುವ ಅಭ್ಯಾಸ ಮಾಡಿಕೊಳ್ಳಬೇಕು.

ಎರಡನೆಯದು, ಹೆಸರು. ನಮ್ಮಲ್ಲಿ ಅನೇಕರಿಗೆ ಕುಲನಾಮವಿಲ್ಲ, ಇನಿಷಿಯಲ್ ಇದೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ‘ಮಂಜುನಾಥ ಎಚ್.ಎಸ್.’, ಆಧಾರಿನಲ್ಲಿ ಬರೀ ‘ಮಂಜುನಾಥ’, ಪಾಸ್‌ಪೋರ್ಟಿನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಬರೆದದ್ದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಕುಲನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿಯದು, ಎಂದು ಅಚ್ಚಾಗುತ್ತದೆ. ಮುಂದೆ ಅಲ್ಲಿನ ಬ್ಯಾಂಕು, ಚಾಲನಾ ಪರವಾನಗಿ, ಪದವಿ ಪತ್ರ ಎಲ್ಲ ಕಡೆ ಆ ಮೂರಕ್ಷರ ಬೆನ್ನು ಹತ್ತುತ್ತದೆ. ಜರ್ಮನಿಗೆ ಹೋಗುವವರ ಮಾರ್ಕ್ಸ್ ಕಾರ್ಡುಗಳನ್ನು 2022ರ ನವೆಂಬರಿನಿಂದ ಎಪಿಎಸ್ ಎಂಬ ಸಂಸ್ಥೆ ಪರಿಶೀಲಿಸುತ್ತದೆ. ಹೆಸರು ಹೊಂದದಿದ್ದರೆ ವಿಳಂಬವಾಗುತ್ತದೆ. ಇದನ್ನೆಲ್ಲ ಸರಿಪಡಿಸುವ ಕಾಲ ಆರನೇ ಸೆಮಿಸ್ಟರು. ಆಫರ್ ಬಂದ ಮೇಲೆ ಅಫಿಡವಿಟ್ಟಿಗೆ ಓಡಾಡುವುದರಲ್ಲಿ ಇನ್‌ಟೇಕ್ ತಪ್ಪಿದವರಿದ್ದಾರೆ.

ಸುಳ್ಳು ದಾಖಲೆಯ ಬೆಲೆಯನ್ನೂ ಹೇಳಿಬಿಡಬೇಕು. ಕೆನಡಾದಲ್ಲಿ ಸಿಕ್ಕಿಬಿದ್ದರೆ ಐದು ವರ್ಷ ಪ್ರವೇಶವಿಲ್ಲ. ಬ್ರಿಟನ್ನಿನಲ್ಲಿ ಹತ್ತು ವರ್ಷ. ಅಮೆರಿಕದಲ್ಲಿ ಜೀವನಪರ್ಯಂತ. ಪತ್ರ ಸೃಷ್ಟಿಸಿದವನು ಏಜೆಂಟನೇ ಆದರೂ ಸಹಿ ವಿದ್ಯಾರ್ಥಿಯದು. ಪಂಜಾಬಿನಿಂದ ಕೆನಡಾಕ್ಕೆ ಹೋದ ಎಷ್ಟೋ ಮಕ್ಕಳಿಗೆ ತಮ್ಮ ಪ್ರವೇಶ ಪತ್ರ ನಕಲಿ ಎಂದು ಗೊತ್ತಾದದ್ದು ಓದಿ ಮುಗಿಸಿ ಕಾಯಂ ನಿವಾಸಕ್ಕೆ ಅರ್ಜಿ ಹಾಕಿದಾಗ; 2023ರಲ್ಲಿ ಅವರು ಬೀದಿಯಲ್ಲಿ ಧರಣಿ ಕೂತರು. ಅಮೆರಿಕದ ಮಿಷಿಗನ್‌ನಲ್ಲಿ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ ಎಂಬ ಹೆಸರಿನಲ್ಲಿ ಅಲ್ಲಿನ ಸರ್ಕಾರವೇ ಬಲೆ ಬೀಸಿತ್ತು. ತರಗತಿಯಿಲ್ಲ, ಪಾಠ ಮಾಡುವವರಿಲ್ಲ. ವೀಸಾ ಉಳಿಸಿಕೊಳ್ಳಲೆಂದು ಅದಕ್ಕೆ ಸೇರಿದವರನ್ನು 2019ರ ಜನವರಿಯಲ್ಲಿ ಬಂಧಿಸಿದಾಗ, ಅವರಲ್ಲಿ ಹೆಚ್ಚಿನವರು ಭಾರತೀಯರೇ ಆಗಿದ್ದರು. ಸರ್ಕಾರವೊಂದು ಮಕ್ಕಳಿಗೆ ಹೀಗೆ ಗಾಳ ಹಾಕಿದ್ದು ಕ್ರೌರ್ಯವೆಂದೇ ನನ್ನ ಅಭಿಪ್ರಾಯ. ಪಾಠ ನಡೆಯದ ಕೋರ್ಸಿಗೆ ಹಣ ಕಟ್ಟಲು ಅಷ್ಟು ಜನ ಸಿಕ್ಕರು ಎಂಬುದೂ ಅಷ್ಟೇ ನೋವಿನ ಸಂಗತಿ.

ನಮ್ಮ ಕಾಲೇಜುಗಳು ಇದರಲ್ಲಿ ಕೈಕಟ್ಟಿ ಕೂತಿವೆ. ಪ್ಲೇಸ್‌ಮೆಂಟ್ ಸೆಲ್ ಇಲ್ಲದ ಎಂಜಿನಿಯರಿಂಗ್ ಕಾಲೇಜು ಇಲ್ಲ. ಉನ್ನತ ಓದಿಗೆ ಹೊರಡುವವರಿಗೆ ಒಬ್ಬ ಮೇಷ್ಟರನ್ನು ನೇಮಿಸಿ, ಹಿಂದೆ ಹೋದವರ ಅನುಭವ, ಅವರ ಕೋರ್ಸು, ತಿಂಗಳ ನಿಜವಾದ ಖರ್ಚು, ವೀಸಾ ಸಂದರ್ಶನದ ಪ್ರಶ್ನೆ ಇವನ್ನೆಲ್ಲ ಬರೆದಿಡುವ ಒಂದು ಕೋಣೆ ಇರುವ ಕಾಲೇಜು ಅಪರೂಪ. ಹೆಚ್ಚಿನ ಕಡೆ ಕನ್ಸಲ್ಟೆನ್ಸಿಯವರನ್ನೇ ಕರೆಸಿ ಸೆಮಿನಾರ್ ಹಾಲಿನಲ್ಲಿ ಭಾಷಣ ಮಾಡಿಸಿ ಕಳಿಸುತ್ತಾರೆ. ಹಳೆಯ ವಿದ್ಯಾರ್ಥಿಗಳು ಜಗತ್ತಿನ ಎಲ್ಲ ಕಡೆ ಇದ್ದಾರೆ. ಕೇಳಿದರೆ ರಾತ್ರಿ ಹನ್ನೊಂದಕ್ಕೂ ಕೂತು ಉತ್ತರ ಕೊಡುತ್ತಾರೆ, ಅವರಿಗೆ ಕಮಿಷನ್ನಿನ ಹಂಗಿಲ್ಲ. ಅವರನ್ನು ಕೇಳುವ ವ್ಯವಸ್ಥೆ ಮಾಡಬೇಕಾದವರು ನಾವು.

ಎಲ್ಲ ಸರಿಯಾಗಿ ಮಾಡಿದರೂ ನಿರಾಕರಣೆ ಬರಬಹುದು. ಅಧಿಕಾರಿಯ ಮನಸ್ಸು, ಆ ವರ್ಷದ ರಾಜಕೀಯ, ಹಿಂದಿನ ಅರ್ಜಿದಾರರ ತಪ್ಪು ಇವೆಲ್ಲ ಒಬ್ಬ ಅಮಾಯಕನ ಮೇಲೆ ಬೀಳುವುದುಂಟು. ಹಾಗೆ ಬಂದಾಗ ಮನೆಯವರು ಮರುವಾರವೇ ಬೇರೆ ದೇಶಕ್ಕೆ ಅರ್ಜಿ ಹಾಕಿಸುತ್ತಾರೆ, ಇಲ್ಲವೇ ಹೆಚ್ಚು ಹಣ ತೋರಿಸಿ ಅದೇ ಅರ್ಜಿಯನ್ನು ಮತ್ತೆ ಕಳಿಸುತ್ತಾರೆ. ಅದಕ್ಕೆ ಮೊದಲು ನಿರಾಕರಣೆಯ ಪತ್ರವನ್ನು ಕೂತು ಓದಬೇಕು. ಬ್ರಿಟನ್ನಿನವರು ಯಾವ ನಿಯಮದಡಿ ತಿರಸ್ಕರಿಸಿದೆವೆಂದು ಬರೆದು ತಿಳಿಸುತ್ತಾರೆ. ಕೆನಡಾದಲ್ಲಿ ಅಧಿಕಾರಿ ಬರೆದ ಟಿಪ್ಪಣಿಯನ್ನು ಪಡೆಯಲು ದಾರಿಯಿದೆ. ಹಿಂದಿನ ಓದಿಗೂ ಈ ಕೋರ್ಸಿಗೂ ಸಂಬಂಧ ಕಾಣಲಿಲ್ಲ, ಇದೇ ಮಟ್ಟದ ಕೋರ್ಸು ಸ್ವದೇಶದಲ್ಲಿ ಕಡಿಮೆ ಖರ್ಚಿಗೆ ಸಿಗುತ್ತಿತ್ತು ಎಂಬರ್ಥದ ಮಾತುಗಳು ಅಂಥ ಟಿಪ್ಪಣಿಗಳಲ್ಲಿ ಸಾಮಾನ್ಯ. ಆ ಮಾತು ಸರಿಯೇ ಎಂದು ವಿದ್ಯಾರ್ಥಿ ಒಬ್ಬನೇ ಕೂತು ಯೋಚಿಸಲಿ. ತಪ್ಪು ಅನ್ನಿಸಿದರೆ, ಯಾಕೆ ತಪ್ಪು ಎಂದು ಎರಡು ಪುಟದಲ್ಲಿ ಬರೆದು ಅದೇ ಕೋರ್ಸಿಗೆ ಮತ್ತೆ ಅರ್ಜಿ ಹಾಕಲಿ. ಸರಿ ಅನ್ನಿಸಿದರೆ ಆ ವರ್ಷ ಹೋಗುವುದು ಬೇಡ. ಹಿಂದಿನ ನಿರಾಕರಣೆಯನ್ನು ಮುಂದಿನ ಅರ್ಜಿಗಳಲ್ಲಿ ಕೇಳಿದ ಕಡೆಯೆಲ್ಲ ಹೇಳಬೇಕಾಗುತ್ತದೆ, ಹೇಳಲಿ. ಆ ವರ್ಷ ಅವನು ಒಂದು ಕೆಲಸಕ್ಕೆ ಸೇರಿ, ಜರ್ಮನ್ ಭಾಷೆಯ ಬಿ1 ಹಂತ ಮುಗಿಸಿ, ನಾಲ್ಕು ಕೈಪಿಡಿಗಳನ್ನು ಓದಿಕೊಂಡು ಮತ್ತೆ ಶಿಫಾರಸು ಪತ್ರಕ್ಕೆ ಬಂದರೆ, ಬರೆಯಲು ನನಗೂ ಹೆಚ್ಚು ಸಂಗತಿ ಇರುತ್ತದೆ.